ಬೀಸಿದ ಹಿಟ್ಟು, ತಂದ ಹಿಟ್ಟು

ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟವೆಂಬ ಗ್ರಾಮದಲ್ಲಿ ೨೦೦೧ನೆಯ ಇಸವಿಯಲ್ಲಿ ಒಮ್ಮೆ, ೨೦೦೪ರಲ್ಲಿ ಮತ್ತೊಮ್ಮೆ, ಮೈಸೂರು ವಿಶ್ವವಿದ್ಯಾನಿಲಯದ ವಿದ್ವಾಂಸರು ನೆಲವನ್ನಗೆದು ಶೋಧಿಸಿದರು. ಬೌದ್ಧರ ಚೈತ್ಯವೊಂದರ ಮತ್ತು ವಿಹಾರವೊಂದರ ಅವಶೇಷಗಳು ಹೊರಬಿದ್ದುದಲ್ಲದೆ, ಮಣ್ಣಿನಿಂದ ಮಾಡಿದ ಪುಟ್ಟ ಪುಟ್ಟ ಹರಕೆಯ ಸ್ತೂಪಗಳು ನೂರುಗಟ್ಟಲೆ ದೊರೆತವು. ಅವುಗಳ ಒಡಲಿನೊಳಗೆ ಮಣ್ಣಿನದೇ ಚಿಕ್ಕ ಬಿಲ್ಲೆ. ಬಿಲ್ಲೆಯ ಮೇಲೆ ಬ್ರಾಹ್ಮೀ ಅಕ್ಷರಗಳ ಮುದ್ರೆ. ಬರಹವು ಒಳಗೆ, ಅದನ್ನು ಮುಚ್ಚಿದ ಮಣ್ಣು ಹೊರಗೆ. ಹರಕೆಯನ್ನು ಸಲ್ಲಿಸಲು ಬಂದ ಭಕ್ತನು ತನ್ನ ಕೈಯಲ್ಲಿರುವ ಸ್ತೂಪದೊಳಗಣ ಬರಹವನ್ನು ಓದಬೇಕಾದರೆ ಸ್ತೂಪವನ್ನೇ ಒಡೆಯಬೇಕಾಗಿತ್ತು. ಅವನು ಒಡೆಯಲಿಲ್ಲ, ಒಡೆದಿದ್ದರೆ ಅವು ಇಂದು ನಮಗೆ ಇಡಿಯಾಗಿ ಸಿಕ್ಕುತ್ತಿರಲಿಲ್ಲ. ಒಳಗಿರತಕ್ಕದ್ದು ಒಳಗಿದೆಯೆಂದು, ಮಾಡಿಕೊಟ್ಟವನ ಮಾತಿನ ಮೇಲೆ, ನಂಬಿದನು.

ಈ ಲೇಖನವು ಪುರಾತತ್ತ್ವವನ್ನು ಕುರಿತದ್ದಲ್ಲ. ಆದರೆ ಗಣಕಯಂತ್ರವನ್ನು ಬಳಸುವ ನಾವೆಲ್ಲರೂ ದಿನನಿತ್ಯವೂ ಮಾಡುತ್ತಿರುವುದು ಆ ಭಕ್ತನು ಮಾಡಿದ್ದನ್ನೇ. ಮುಚ್ಚಿದ ಪೊಟ್ಟಣವೊಂದನ್ನು ತರಿಸಿಕೊಂಡು, ಅದರೊಳಗಿನ ಬರಹವನ್ನು ಓದದೆ, ನಮ್ಮ ಯಂತ್ರದಲ್ಲಿ ನೆಲೆಗೊಳಿಸುತ್ತೇವೆ. ಇದು ಸರಿಯೆ? ಅಥವಾ ಮೂಲವನ್ನೇ ತಂದು ನಮ್ಮ ಕೈಯಿಂದಲೇ ಕಟ್ಟಿಕೊಳ್ಳತಕ್ಕದ್ದೆ? ಈ ಪ್ರಶ್ನೆಯನ್ನು ಕುರಿತು ಕಾಲೇಜು ವಿದ್ಯಾರ್ಥಿಗಳಲ್ಲಿ ಬಹಳ ಬಿಸಿಯಾದ ವಾದಗಳು ನಡೆಯುವುದನ್ನು ನಾನು ಕೇಳಿದ್ದೇನೆ. ಎರಡು ಕಡೆಯವರೂ ಅರ್ಧ ಸತ್ಯವನ್ನೇ ಹೇಳುತ್ತಾರೆಂಬುದು ನನ್ನ ಅಭಿಪ್ರಾಯ.

ಮೊದಲು ಸಂಗತಿಯನ್ನು ಸ್ಪಷ್ಟಪಡಿಸಿಕೊಳ್ಳೋಣ. ಮನುಷ್ಯನು ಬರೆಯುವ ತಂತ್ರಾಂಶವು ಸಿ, ಪೈಥಾನ್ ಮುಂತಾದ ಭಾಷೆಗಳಲ್ಲಿರುತ್ತದೆ. ಕಲಿತವನು ಅದನ್ನು ಓದಬಲ್ಲ, ತಿದ್ದಬಲ್ಲ. ಇದಕ್ಕೆ ಮೂಲಸಂಕೇತವೆಂದು ಹೆಸರು. ಆದರೆ ಯಂತ್ರದ ಮಿದುಳಾದ ಸಂಸ್ಕಾರಕವು ಸಿ ಭಾಷೆಯನ್ನು ಅರಿಯದು. ಅದಕ್ಕೆ ತಿಳಿಯುವುದು ಸೊನ್ನೆ ಮತ್ತು ಒಂದುಗಳ ಸಾಲುಗಳಾದ ಯಂತ್ರಭಾಷೆ ಮಾತ್ರ. ಮೊದಲನೆಯದನ್ನು ಎರಡನೆಯದಾಗಿ ಪರಿವರ್ತಿಸುವ ಸಾಧನವೇ ಕಂಪೈಲರು. ಇಂತಹ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಬಹುದೆಂದು ಅಮೆರಿಕದ ಗ್ರೇಸ್ ಹಾಪರ್ ಅವರು ೧೯೫೨ರಲ್ಲಿ ಮಾಡಿ ತೋರಿಸಿದರು. ರಾಗಿಯ ಕಾಳು ಮೂಲಸಂಕೇತವಾದರೆ ಹಿಟ್ಟು ಯಂತ್ರಭಾಷೆ, ಬೀಸುವ ಕಲ್ಲು ಕಂಪೈಲರು ಎಂದಿಟ್ಟುಕೊಳ್ಳಬಹುದು. ಉಪಮಾನವು ಒಂದು ಮುಖ್ಯವಾದ ಅಂಶದಲ್ಲಿ ಚೆನ್ನಾಗಿಯೇ ಹೊಂದುತ್ತದೆ: ಕಾಳಿನಿಂದ ಹಿಟ್ಟಾಗುವುದು ಸುಲಭ, ಹಿಟ್ಟಿನಿಂದ ಕಾಳನ್ನು ಮರಳಿ ಪಡೆಯುವುದು ಅಸಾಧ್ಯವೆನ್ನುವಷ್ಟು ಕಷ್ಟ.

ತಂತ್ರಾಂಶವನ್ನು ಮೂಲದಿಂದ ಕಟ್ಟುವುದೆಂದರೆ ಕಾಳನ್ನು ತಂದು ಮನೆಯಲ್ಲಿಯೇ ಬೀಸಿಕೊಳ್ಳುವುದು. ಲಿನಕ್ಸ್ ಬಳಸುವವರಲ್ಲಿ ಇದಕ್ಕೊಂದು ರೂಢಿಯ ಕ್ರಮವಿದೆ. ‘ಕಾನ್ಫಿಗರ್’ ಎಂಬ ಆಜ್ಞೆಯು ಯಂತ್ರದಲ್ಲಿ ಏನೇನಿದೆಯೆಂಬುದನ್ನು ಪರೀಕ್ಷಿಸುತ್ತದೆ. ‘ಮೇಕ್’ ಎಂಬುದು ಕಂಪೈಲರನ್ನು ಕರೆದು ಕಟ್ಟಿಸುತ್ತದೆ. ‘ಮೇಕ್ ಇನ್‌ಸ್ಟಾಲ್’ ಎಂಬುದು ಸಿದ್ಧವಾದದ್ದನ್ನು ತಕ್ಕ ಸ್ಥಳಗಳಲ್ಲಿ ಇಡುತ್ತದೆ. ಈ ಮೇಕ್ ಎಂಬ ಉಪಕರಣವನ್ನು ಬೆಲ್ ಪ್ರಯೋಗಾಲಯದ ಸ್ಟುವರ್ಟ್ ಫೆಲ್ಡ್‌ಮನ್ ಅವರು ೧೯೭೬ರಲ್ಲಿ ರಚಿಸಿದರು. ಅದರ ಹುಟ್ಟಿನ ಕಥೆ ಸ್ವಾರಸ್ಯವಾದದ್ದು. ಅವರ ಸಹೋದ್ಯೋಗಿಯೊಬ್ಬರು ತಮ್ಮ ಕ್ರಮವಿಧಿಯಲ್ಲಿದ್ದ ತಪ್ಪನ್ನು ತಿದ್ದಿಯೂ, ತಿದ್ದಿದ ಭಾಗವನ್ನು ಮರಳಿ ಕಂಪೈಲು ಮಾಡಲು ಮರೆತು, ಇಲ್ಲದ ತಪ್ಪಿಗಾಗಿ ಒಂದು ಬೆಳಗನ್ನೆಲ್ಲ ಹುಡುಕುತ್ತ ಕಳೆದರಂತೆ. ಯಾವುದು ಬದಲಾಗಿದೆಯೋ ಅದನ್ನು ಮಾತ್ರ ತಾನಾಗಿ ಮರಳಿ ಕಟ್ಟುವ ಉಪಕರಣವೊಂದು ಬೇಕೆಂಬ ಯೋಚನೆ ಹುಟ್ಟಿದ್ದು ಹೀಗೆ. ಹಿರಿಯ ಉಪಕರಣಗಳೆಷ್ಟೋ ಇಂತಹ ವ್ಯರ್ಥವಾದ ಬೆಳಗುಗಳ ಫಲ.

ಪ್ಯಾಕೇಜೆಂದರೆ, ಬೇರೊಬ್ಬರು ಬೀಸಿ, ಜರಡಿ ಹಿಡಿದು, ಚೀಲಕ್ಕೆ ತುಂಬಿ, ಮುದ್ರೆಯೊತ್ತಿ ಕಳುಹಿಸಿದ ಹಿಟ್ಟು. ಡೆಬಿಯನ್ ಎಂಬ ವಿತರಣೆಯು ೧೯೯೩ರಲ್ಲಿ ಆರಂಭವಾಯಿತು. ಅಂದಿನಿಂದ ಜಗತ್ತಿನ ನಾನಾ ದೇಶಗಳ ಸ್ವಯಂಸೇವಕರು ಒಂದೊಂದು ತಂತ್ರಾಂಶದ ಪಾಲನೆಯನ್ನು ವಹಿಸಿಕೊಂಡು ಈ ಕೆಲಸವನ್ನು ನಡೆಸಿಕೊಂಡು ಬಂದಿದ್ದಾರೆ. ೨೦೨೩ರ ಜೂನ್ ತಿಂಗಳಲ್ಲಿ ಹೊರಬಂದ ಅದರ ಹನ್ನೆರಡನೆಯ ಆವೃತ್ತಿಯಲ್ಲಿ ೬೪,೦೦೦ಕ್ಕೂ ಮಿಕ್ಕು ಪ್ಯಾಕೇಜುಗಳಿದ್ದವು. ಪೊಟ್ಟಣದೊಳಗೆ ಹಿಟ್ಟಲ್ಲದೆ ಒಂದು ಚೀಟಿಯೂ ಇರುತ್ತದೆ: ಇದು ಕೆಲಸ ಮಾಡಬೇಕಾದರೆ ಇನ್ನಾವ ಪೊಟ್ಟಣಗಳು ಬೇಕು, ಯಾವುದರ ಜೊತೆ ಇದು ಸೇರದು, ಯಾವ ಕಡತವನ್ನು ಎಲ್ಲಿ ಇಡತಕ್ಕದ್ದು ಎಂಬ ವಿವರ. ೧೯೯೯ರ ಮಾರ್ಚ್ ತಿಂಗಳಲ್ಲಿ ಡೆಬಿಯನ್ನಿನ ೨.೧ ಆವೃತ್ತಿಯೊಡನೆ ‘ಆಪ್ಟ್’ ಎಂಬ ಸಾಧನವು ಬಂದ ಮೇಲೆ, ಆ ಚೀಟಿಗಳನ್ನೆಲ್ಲ ಓದಿ ಬೇಕಾದವುಗಳನ್ನೆಲ್ಲ ತಾನೇ ತರಿಸುವ ಭಾರವನ್ನೂ ಯಂತ್ರವೇ ಹೊತ್ತಿತು.

ಇನ್ನು ನನ್ನದೇ ಒಂದು ಪ್ರಮಾದವನ್ನು ಹೇಳಬೇಕಾಗಿದೆ. ಈ ವಿಷಯವನ್ನು ಕುರಿತು ನನಗಿರುವ ಅಭಿಪ್ರಾಯವು ಬಹುಮಟ್ಟಿಗೆ ಅದರಿಂದಲೇ ಬಂದದ್ದು.

೨೦೧೮ರ ಕೊನೆಯಲ್ಲಿ ದೊಡ್ಡಬಳ್ಳಾಪುರದ ಕಡೆಯ ಒಂದು ವಾಚನಾಲಯದಲ್ಲಿ ಹಳೆಯ ಪುಸ್ತಕಗಳ ಪುಟಗಳನ್ನು ಛಾಯಾಚಿತ್ರ ತೆಗೆದು, ಅವುಗಳಲ್ಲಿನ ಕನ್ನಡ ಅಕ್ಷರಗಳನ್ನು ಯಂತ್ರದಿಂದಲೇ ಓದಿಸುವ ಪ್ರಯತ್ನ ನಡೆದಿತ್ತು. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟವು ಬೆಂಗಳೂರು ಜಿಲ್ಲೆಯ ಶಾಸನಗಳದು, ೧೯೦೫ರಲ್ಲಿ ಪ್ರಕಟವಾದದ್ದು. ದೊಡ್ಡಬಳ್ಳಾಪುರ ತಾಲ್ಲೂಕಿನ ಶಾಸನಗಳು ಅದರಲ್ಲಿಯೇ ಇವೆ. ಆಸುಪಾಸಿನ ಊರುಗಳ ಹುಡುಗರು ತಮ್ಮೂರಿನ ಹೆಸರನ್ನು ಬೆರಳಚ್ಚಿಸಿ ಅದರಲ್ಲಿ ಹುಡುಕುವಂತಾಗಬೇಕೆಂಬುದು ನಮ್ಮ ಆಸೆ. ಅಕ್ಷರಗಳನ್ನು ಓದಲು ಟೆಸರಾಕ್ಟ್ ಎಂಬ ತಂತ್ರಾಂಶವಿತ್ತು. ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯಲ್ಲಿ ೧೯೮೫ರಿಂದ ೧೯೯೪ರವರೆಗೆ ರೂಪುಗೊಂಡು, ೨೦೦೫ರಲ್ಲಿ ಮೂಲಸಂಕೇತದೊಡನೆ ಲೋಕಕ್ಕೆ ಬಿಡುಗಡೆಯಾದ ತಂತ್ರಾಂಶವದು. ಅದರ ನಾಲ್ಕನೆಯ ಆವೃತ್ತಿಯು ೨೦೧೮ರ ಅಕ್ಟೋಬರಿನಲ್ಲಿ ಹೊರಬಂದಿತ್ತು. ನರಜಾಲದ ಮಾದರಿಯನ್ನು ಅಳವಡಿಸಿಕೊಂಡ ಆ ಆವೃತ್ತಿಯು ಕನ್ನಡವನ್ನು ಹಿಂದಿನದಕ್ಕಿಂತ ಎಷ್ಟೋ ಮೇಲಾಗಿ ಓದುತ್ತಿತ್ತು. ನಮ್ಮ ಯಂತ್ರದಲ್ಲಿದ್ದುದೋ ೨೦೧೭ರ ಡೆಬಿಯನ್. ಅದರ ಪ್ಯಾಕೇಜಿನಲ್ಲಿ ಟೆಸರಾಕ್ಟಿನ ಮೂರನೆಯ ಆವೃತ್ತಿಯೇ ಇತ್ತು.

ಮೂಲದಿಂದಲೇ ಕಟ್ಟಿಬಿಡೋಣವೆಂದು ಹೊರಟೆ. ಟೆಸರಾಕ್ಟಿಗೆ ಚಿತ್ರಗಳನ್ನು ತೆರೆದುಕೊಡುವುದು ಲೆಪ್ಟೋನಿಕಾ ಎಂಬ ಇನ್ನೊಂದು ತಂತ್ರಾಂಶ. ಯಂತ್ರದಲ್ಲಿ ಆಗಲೇ ಇದ್ದ ಲೆಪ್ಟೋನಿಕಾ ಸಾಕಾಗಿತ್ತು. ಆದರೆ ಕಟ್ಟುವುದೇ ಆದರೆ ಎಲ್ಲವೂ ಹೊಸದಿರಲಿ ಎಂಬ ಹುಮ್ಮಸ್ಸಿನಲ್ಲಿ ಅದನ್ನೂ ಮೂಲದಿಂದಲೇ ಕಟ್ಟಿದೆ. ಕಾನ್ಫಿಗರ್ ಆಜ್ಞೆಯು ನೂರಾರು ಸಾಲುಗಳನ್ನು ಪರದೆಯ ಮೇಲೆ ಸುರಿಯಿತು. ಕೊನೆಗೆ ತಪ್ಪೇನೂ ಇಲ್ಲವೆಂದಿತು. ಮೇಕ್ ಮುಗಿಯಿತು, ಇನ್‌ಸ್ಟಾಲ್ ಮುಗಿಯಿತು. ಸ್ಥಳ ಉಳಿಯಲೆಂದು, ಕಟ್ಟಲು ಬಳಸಿದ ಮೂಲದ ಕೋಶವನ್ನು ಅಳಿಸಿಹಾಕಿದೆ. ಮರುದಿನ ಬೆಳಿಗ್ಗೆ ನೋಡಿದರೆ, ಹೊಸ ಟೆಸರಾಕ್ಟು ಹಾಗಿರಲಿ, ಹಳೆಯದೂ ಒಂದೇ ಒಂದು ಛಾಯಾಚಿತ್ರವನ್ನೂ ತೆರೆಯಲೊಲ್ಲದು!

ಕಾರಣವನ್ನು ಕಂಡುಹಿಡಿಯಲು ನನಗೆ ಒಂಬತ್ತು ದಿನಗಳು ಹಿಡಿದವು. ಛಾಯಾಚಿತ್ರಗಳೆಲ್ಲ ಜೇಪೆಗ್ ರೂಪದಲ್ಲಿದ್ದವು. ಜೇಪೆಗ್ಗನ್ನು ಓದುವ ಶಕ್ತಿಯನ್ನು ಲೆಪ್ಟೋನಿಕಾಕ್ಕೆ ಕೊಡಬೇಕಾದರೆ, ಕಟ್ಟುವ ಹೊತ್ತಿನಲ್ಲಿ ಜೇಪೆಗ್ ಲೈಬ್ರರಿಯ ಶೀರ್ಷಿಕಾ ಕಡತಗಳು ಯಂತ್ರದಲ್ಲಿರತಕ್ಕದ್ದು. ಅವು ಇರಲಿಲ್ಲ. ಕಾನ್ಫಿಗರ್ ಆಜ್ಞೆಯು ಅದನ್ನು ಗಮನಿಸಿ, ನೂರಾರು ಸಾಲುಗಳ ನಡುವೆ ಒಂದು ಸಾಲಿನಲ್ಲಿ ‘ಇಲ್ಲ’ ಎಂದು ಬರೆದು, ಆ ಶಕ್ತಿಯಿಲ್ಲದೆಯೇ ಕಟ್ಟುವುದಕ್ಕೆ ಮುಂದುವರಿಯಿತು. ನಾನು ಆ ಸಾಲನ್ನು ಓದಲಿಲ್ಲ. ಹೀಗೆ ಹುಟ್ಟಿದ ಕುರುಡು ಲೈಬ್ರರಿಯು ಹೋಗಿ ಕುಳಿತುಕೊಂಡ ಕೋಶವನ್ನು ಲಿನಕ್ಸು ವ್ಯವಸ್ಥೆಯ ಕೋಶಕ್ಕಿಂತ ಮೊದಲು ನೋಡುತ್ತದೆ. ಹೊಸದಕ್ಕೂ ಹಳೆಯದಕ್ಕೂ ಹೆಸರು ಒಂದೇ. ಆದುದರಿಂದ ಪ್ಯಾಕೇಜಿನಿಂದ ಬಂದಿದ್ದ ಹಳೆಯ ಟೆಸರಾಕ್ಟು ಕೂಡ ತನ್ನ ಒಳ್ಳೆಯ ಲೈಬ್ರರಿಯನ್ನು ಬಿಟ್ಟು ಈ ಕುರುಡನ್ನೇ ಹಿಡಿದುಕೊಂಡಿತು. ತೆಗೆದುಹಾಕೋಣವೆಂದರೆ, ತೆಗೆಯುವ ಆಜ್ಞೆಯಿದ್ದುದು ನಾನು ಅಳಿಸಿದ ಕೋಶದಲ್ಲಿ. ಯಾವ ಕಡತ ಎಲ್ಲಿ ಹೋಗಿ ಕುಳಿತಿದೆಯೆಂಬ ಪಟ್ಟಿ ಯಾರ ಬಳಿಯೂ ಇರಲಿಲ್ಲ.

ಪ್ಯಾಕೇಜಿನ ನಿಜವಾದ ಉಪಕಾರವೇನೆಂದು ನನಗೆ ಮನದಟ್ಟಾದುದು ಆಗ. ಶ್ರಮದ ಉಳಿತಾಯವನ್ನು ಎಲ್ಲರೂ ಹೇಳುತ್ತಾರೆ. ಅದು ಸಣ್ಣ ಮಾತು. ದೊಡ್ಡ ಮಾತೆಂದರೆ ದಫ್ತರ. ಪ್ಯಾಕೇಜು ಇಟ್ಟ ಪ್ರತಿಯೊಂದು ಕಡತವೂ ಒಂದು ದಫ್ತರದಲ್ಲಿ ದಾಖಲಾಗಿರುತ್ತದೆ. ಇದು ಯಾರದು, ಎಲ್ಲಿಂದ ಬಂತು, ತೆಗೆದರೆ ಯಾರಿಗೆ ತೊಂದರೆ ಎಂಬ ಪ್ರಶ್ನೆಗಳಿಗೆ ಕ್ಷಣದಲ್ಲಿ ಉತ್ತರ ದೊರೆಯುತ್ತದೆ. ಜೇಪೆಗ್ಗಿನ ಶೀರ್ಷಿಕಾ ಕಡತ ಬೇಕೆಂಬುದನ್ನು ಪ್ಯಾಕೇಜಿನ ಪಾಲಕನು ತನ್ನ ಚೀಟಿಯಲ್ಲಿ ಒಮ್ಮೆ ಬರೆದಿಟ್ಟಿದ್ದಾನೆ. ಅನಂತರ ಜಗತ್ತಿನಲ್ಲಿ ಯಾರೂ ನನ್ನ ಹಾಗೆ ಎಡವಬೇಕಾದುದಿಲ್ಲ. ಬೇರೊಬ್ಬನ ಒಂಬತ್ತು ದಿನಗಳ ಪಾಡು ಆ ಚೀಟಿಯ ಒಂದು ಸಾಲಿನಲ್ಲಿ ಅಡಗಿದೆ.

ಮೂಲದಿಂದ ಕಟ್ಟಿಕೊಂಡರೆ ತಂತ್ರಾಂಶವು ನಮ್ಮ ಯಂತ್ರಕ್ಕೇ ಹೇಳಿಮಾಡಿಸಿದಂತಾಗಿ ಹೆಚ್ಚು ವೇಗದಿಂದ ಓಡುತ್ತದೆಂಬುದು ಒಂದು ಜನಪ್ರಿಯ ನಂಬಿಕೆ. ೨೦೦೨ರಲ್ಲಿ ತನ್ನ ಮೊದಲ ಪೂರ್ಣ ಆವೃತ್ತಿಯನ್ನು ಹೊರತಂದ ಜೆಂಟೂ ಎಂಬ ವಿತರಣೆಯು ಎಲ್ಲವನ್ನೂ ಬಳಸುವವನ ಯಂತ್ರದಲ್ಲಿಯೇ ಕಟ್ಟಿಸುವ ಪದ್ಧತಿಯನ್ನು ಹಿಡಿಯಿತು. ಗಣಿತದ ಭಾರೀ ಲೆಕ್ಕಗಳನ್ನು ಮಾಡುವ ಲೈಬ್ರರಿಗಳಲ್ಲಿ ಇದರಿಂದ ಲಾಭವುಂಟು, ಅಲ್ಲಗಳೆಯುವುದಿಲ್ಲ. ಪತ್ರ ಬರೆಯುವುದಕ್ಕೂ ಪುಟ ನೋಡುವುದಕ್ಕೂ ಬಳಸುವ ತಂತ್ರಾಂಶದಲ್ಲಿ ಆ ಲಾಭವು ಕಣ್ಣಿಗೆ ಕಾಣುವಷ್ಟಿರದು. ಕಟ್ಟಲು ಹಿಡಿದ ಹೊತ್ತನ್ನು ಅದು ಎಂದಿಗೂ ತೀರಿಸಲಾರದು. ಈ ವಾದವನ್ನು ಇಲ್ಲಿಗೇ ಬಿಡೋಣ.

ವಿಚಾರಣೆಗೆ ಅರ್ಹವಾದ ವಾದವು ನಂಬಿಕೆಯನ್ನು ಕುರಿತದ್ದು. ಮೂಲಸಂಕೇತವನ್ನು ನಾನೇ ಕಂಡು, ನಾನೇ ಕಟ್ಟಿದರೆ ಮೋಸಕ್ಕೆ ಎಡೆಯಿಲ್ಲ. ಪೊಟ್ಟಣದಲ್ಲಿ ಕಲಬೆರಕೆ ಇದ್ದರೆ ನನಗೆ ತಿಳಿಯುವ ಬಗೆ ಹೇಗೆ ಎಂದು ಕೇಳುವವರುಂಟು. ಈ ಶಂಕೆಯು ನಿರಾಧಾರವಾದುದಲ್ಲ. ೨೦೦೬ರ ಸೆಪ್ಟೆಂಬರಿನಲ್ಲಿ ಡೆಬಿಯನ್ನಿನ ಓಪನ್ ಎಸ್ಎಸ್ಎಲ್ ಪ್ಯಾಕೇಜಿನಲ್ಲಿ ಒಂದು ತಿದ್ದುಪಡಿಯಾಯಿತು. ತಪ್ಪು ಹುಡುಕುವ ಉಪಕರಣವೊಂದು ಎಚ್ಚರಿಕೆ ಕೊಡುತ್ತಿದೆಯೆಂದು, ಯಾವ ದುರುದ್ದೇಶವೂ ಇಲ್ಲದೆ, ಮೂಲದಲ್ಲಿದ್ದ ಸಾಲನ್ನು ತೆಗೆದುಹಾಕಲಾಯಿತು. ಗುಪ್ತಕೀಲಿಗಳನ್ನು ರಚಿಸಲು ಬೇಕಾದ ಯಾದೃಚ್ಛಿಕತೆಯನ್ನು ಒದಗಿಸುವ ಕೆಲಸಕ್ಕೆ ಆ ಸಾಲೇ ಆಧಾರವಾಗಿತ್ತು. ಪರಿಣಾಮವೇನಾಯಿತೆಂದರೆ, ಊಹೆಗೂ ನಿಲುಕದಷ್ಟು ಬಗೆಯಲ್ಲಿ ಹುಟ್ಟಬೇಕಾದ ಕೀಲಿಗಳು, ಒಂದೊಂದು ಬಗೆಯ ಯಂತ್ರಕ್ಕೂ ಅಳತೆಗೂ ಸುಮಾರು ೩೨,೭೬೮ ಬಗೆಗಳಲ್ಲಿ ಮಾತ್ರವೇ ಹುಟ್ಟತೊಡಗಿದವು. ಅಷ್ಟನ್ನೂ ಒಂದೊಂದಾಗಿ ಪರೀಕ್ಷಿಸಿ ನೋಡುವುದು ಸಾಧಾರಣ ಯಂತ್ರಕ್ಕೂ ಆಟ. ದೋಷವು ಲೋಕಕ್ಕೆ ತಿಳಿದದ್ದು ೨೦೦೮ರ ಮೇ ೧೩ರಂದು, ಒಂದೂವರೆ ವರ್ಷಕ್ಕೂ ಮೇಲ್ಪಟ್ಟು ಕಳೆದ ಮೇಲೆ. ಅಷ್ಟು ಕಾಲವೂ ಆ ಲೈಬ್ರರಿಯನ್ನು ಮೂಲ ಕರ್ತೃಗಳಿಂದಲೇ ಪಡೆದು ಕಟ್ಟಿಕೊಂಡವರಿಗೆ ಈ ಅಪಾಯ ತಟ್ಟಲಿಲ್ಲ. ಬೀಸಿಕೊಡುವವನು ಒಳ್ಳೆಯವನಾದರೂ ಕೈತಪ್ಪಿನಿಂದ ಕೆಡಿಸಬಲ್ಲನೆಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ತಿಳಿಯದು.

ಆದರೆ ಮೂಲವನ್ನೇ ನಂಬಿದವರಿಗೂ ೨೦೨೪ರಲ್ಲಿ ಪಾಠವಾಯಿತು. ಎಕ್ಸ್‌ಝೆಡ್ ಎಂಬುದು ಕಡತಗಳನ್ನು ಅಡಕಗೊಳಿಸುವ ಸಣ್ಣ ತಂತ್ರಾಂಶ. ಬಹುತೇಕ ಎಲ್ಲ ಲಿನಕ್ಸ್ ಯಂತ್ರಗಳಲ್ಲಿಯೂ ಇರುತ್ತದೆ. ಹೆಸರು ಮರೆಸಿಕೊಂಡ ಯಾರೋ ಒಬ್ಬನು ಎರಡು ವರ್ಷಗಳಿಗೂ ಮೇಲ್ಪಟ್ಟು ಪ್ರಾಮಾಣಿಕನಂತೆ ಅದರಲ್ಲಿ ದುಡಿದು, ಪಾಲಕನ ಸ್ಥಾನವನ್ನು ಗಳಿಸಿಕೊಂಡು, ೫.೬.೦ ಮತ್ತು ೫.೬.೧ ಎಂಬ ಆವೃತ್ತಿಗಳಲ್ಲಿ ಕಳ್ಳಬಾಗಿಲೊಂದನ್ನು ಹುದುಗಿಸಿದನು. ಅವನ ಜಾಣತನವನ್ನು ಗಮನಿಸಬೇಕು. ಎಲ್ಲರೂ ನೋಡುವ ಸಾರ್ವಜನಿಕ ಮೂಲಭಂಡಾರದಲ್ಲಿ ಆ ಬಾಗಿಲನ್ನು ತೆರೆಯುವ ಕೀಲು ಇರಲೇ ಇಲ್ಲ. ಕಟ್ಟಿಕೊಳ್ಳುವವರಿಗಾಗಿ ಬಿಡುಗಡೆ ಮಾಡಿದ ಮೂಲದ ಗಂಟಿನಲ್ಲಿ ಮಾತ್ರ, ಕಾನ್ಫಿಗರ್ ಆಜ್ಞೆಗೆ ನೆರವಾಗುವ ಕಡತವೊಂದರಲ್ಲಿ ಅದನ್ನಿಟ್ಟಿದ್ದನು. ಉಳಿದ ವಿಷವು ಪರೀಕ್ಷೆಗೆಂದು ಇಟ್ಟ, ಯಾರೂ ಓದಲಾಗದ ಕಡತಗಳಲ್ಲಿತ್ತು. ಭಂಡಾರದಲ್ಲಿದ್ದುದನ್ನು ಓದಿ, ಗಂಟನ್ನು ತಂದು ಕಟ್ಟುವವನು, ಓದಿದ್ದೇ ಬೇರೆ, ಕಟ್ಟಿದ್ದೇ ಬೇರೆ!

ಇದನ್ನು ಪತ್ತೆಮಾಡಿದವರು ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯದ ಕೆಲಸದಲ್ಲಿ ತೊಡಗಿದ್ದ ಆಂಡ್ರೆಸ್ ಫ್ರಾಯ್ಂಡ್. ದೂರದ ಯಂತ್ರವನ್ನು ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ಹೆಚ್ಚಾಗಿ ಹಿಡಿಯುತ್ತಿದೆಯಲ್ಲಾ ಎಂದು ಅವರಿಗೆ ಅನುಮಾನ ಬಂದಿತು. ಅನುಮಾನದ ಎಳೆಯನ್ನು ಹಿಡಿದು ಹೋಗಿ ೨೦೨೪ರ ಮಾರ್ಚ್ ೨೯ರಂದು ಎಲ್ಲವನ್ನೂ ಬಯಲು ಮಾಡಿದರು. ಆ ಆವೃತ್ತಿಯು ಆಗ ಡೆಬಿಯನ್ನಿನ ಪರೀಕ್ಷಾರ್ಥ ಶಾಖೆಗಳನ್ನು ಮಾತ್ರ ಮುಟ್ಟಿತ್ತು, ಜನಸಾಮಾನ್ಯರು ಬಳಸುವ ಸ್ಥಿರ ಶಾಖೆಗೆ ಬಂದಿರಲಿಲ್ಲ. ಪ್ಯಾಕೇಜುಗಳು ಹಳತಾಗಿರುತ್ತವೆಂದು ಗೊಣಗುವ ತರುಣರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು. ಟೆಸರಾಕ್ಟಿನ ವಿಷಯದಲ್ಲಿ ನನ್ನನ್ನು ಕಾಡಿದ ತಡವೇ ಇಲ್ಲಿ ಲಕ್ಷಾಂತರ ಯಂತ್ರಗಳಿಗೆ ಕಾವಲಾಯಿತು.

ಇನ್ನೂ ಆಳಕ್ಕಿಳಿದರೆ ಶಂಕೆಯು ಮತ್ತಷ್ಟು ಬಲಿಯುತ್ತದೆ. ಮೂಲವನ್ನು ಒಂದೊಂದು ಅಕ್ಷರವಾಗಿ ಓದಿದೆವೆನ್ನೋಣ. ಅದನ್ನು ಬೀಸುವ ಕಲ್ಲೇ ಕೆಟ್ಟದಾಗಿದ್ದರೆ? ಯೂನಿಕ್ಸಿನ ಕರ್ತೃಗಳಲ್ಲೊಬ್ಬರಾದ ಕೆನ್ ಥಾಂಪ್ಸನ್ ಅವರು ೧೯೮೪ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಈ ಪ್ರಶ್ನೆಯನ್ನೆತ್ತಿದರು. ಒಳ್ಳೆಯ ಮೂಲದಿಂದಲೂ ಕಳ್ಳಬಾಗಿಲುಳ್ಳ ಕ್ರಮವಿಧಿಯನ್ನೇ ಹುಟ್ಟಿಸುವ, ಅಷ್ಟೇ ಅಲ್ಲ, ತನ್ನನ್ನು ತಾನೇ ಮರಳಿ ಕಟ್ಟುವಾಗ ಆ ದುರ್ಗುಣವನ್ನು ಹೊಸ ಕಂಪೈಲರಿಗೂ ದಾಟಿಸುವ ಕಂಪೈಲರನ್ನು ರಚಿಸಲು ಸಾಧ್ಯವೆಂದು ಅವರು ತೋರಿಸಿಕೊಟ್ಟರು. ಆ ಬಳಿಕ ಯಾವ ಮೂಲಸಂಕೇತದಲ್ಲಿ ಹುಡುಕಿದರೂ ಕುರುಹು ಸಿಕ್ಕದು. ‘ನಾನೇ ಕಟ್ಟಿದೆ, ಆದುದರಿಂದ ಸುರಕ್ಷಿತ’ ಎಂಬ ಮಾತು ಇಲ್ಲಿ ಬಿದ್ದುಹೋಗುತ್ತದೆ. ಕಟ್ಟಿದ ಕಂಪೈಲರು ಎಲ್ಲಿಂದ ಬಂತು ಸ್ವಾಮಿ? ಪ್ಯಾಕೇಜಿನಿಂದಲೇ ಅಲ್ಲವೆ!

ಹಾಗಾದರೆ ಗತಿಯೇನು? ವಿಜ್ಞಾನದಲ್ಲಿ ಒಬ್ಬರು ಕಂಡದ್ದನ್ನು ನಂಬುವ ಮುನ್ನ ಬೇರೆಯವರೂ ಅದೇ ಪ್ರಯೋಗವನ್ನು ಮಾಡಿ ಅದೇ ಫಲವನ್ನು ಕಾಣಬೇಕೆಂಬ ನಿಯಮವುಂಟಷ್ಟೆ. ತಂತ್ರಾಂಶದಲ್ಲಿಯೂ ಅದೇ ಉಪಾಯ. ಒಂದೇ ಮೂಲವನ್ನು ಬೇರೆ ಬೇರೆ ಜನರು ಬೇರೆ ಬೇರೆ ಯಂತ್ರಗಳಲ್ಲಿ ಕಟ್ಟಿ, ಬಂದ ಫಲವು ಒಂದು ಬಿಟ್ಟೂ ವ್ಯತ್ಯಾಸವಿಲ್ಲದೆ ಒಂದೇ ಆಗಿದ್ದರೆ, ನಡುವೆ ಯಾರೂ ಕೈಯಾಡಿಸಿಲ್ಲವೆಂದು ಬಹುಮಟ್ಟಿಗೆ ಧೈರ್ಯದಿಂದಿರಬಹುದು. ಇದು ಕೇಳಿದಷ್ಟು ಸುಲಭವಲ್ಲ. ಕಟ್ಟಿದ ದಿನ, ಗಂಟೆ, ಕೋಶದ ಹೆಸರು, ಕಡತಗಳನ್ನು ಜೋಡಿಸಿದ ಕ್ರಮ, ಇವೆಲ್ಲ ಫಲದೊಳಗೆ ನುಸುಳಿ ಪ್ರತಿಸಲವೂ ಬೇರೆ ಬೇರೆ ಮಾಡಿಬಿಡುತ್ತವೆ. ಡೆಬಿಯನ್ನಿನವರು ೨೦೧೩ರಿಂದ ಈ ಭೇದಗಳನ್ನು ಒಂದೊಂದಾಗಿ ಹೆಕ್ಕಿ ತೆಗೆಯುತ್ತ ಬಂದಿದ್ದಾರೆ. ಗೀಕ್ಸ್ ಎಂಬ ಇನ್ನೊಂದು ಯೋಜನೆಯವರು ೨೦೨೩ರಲ್ಲಿ, ಕೇವಲ ೩೫೭ ಬೈಟುಗಳ, ಮನುಷ್ಯನು ಕುಳಿತು ಓದಿ ಮುಗಿಸಬಹುದಾದ ಒಂದು ಬೀಜದಿಂದ ಆರಂಭಿಸಿ, ಹಂತಹಂತವಾಗಿ ದೊಡ್ಡ ಕಂಪೈಲರುಗಳನ್ನು ಕಟ್ಟಿ, ಇಡೀ ವ್ಯವಸ್ಥೆಯನ್ನೇ ಮೂಲದಿಂದ ಎಬ್ಬಿಸಿದರು. ಥಾಂಪ್ಸನ್ನರ ಪ್ರಶ್ನೆಗೆ ಇದುವರೆಗೆ ಬಂದ ಉತ್ತರಗಳಲ್ಲಿ ಇದು ನನಗೆ ಬಹಳ ಹಿಡಿಸಿದ್ದು.

ರಾಜಘಟ್ಟದ ಬಿಲ್ಲೆಗಳ ಕಡೆಗೆ ಒಂದು ಗಳಿಗೆ ತಿರುಗೋಣ. ಮುದ್ರೆಯಿಂದ ಒತ್ತಿದ ಬಿಲ್ಲೆಗಳ ಗುಣವೇ ಅದು. ಒಂದನ್ನು ಒಡೆದು ಓದಿದರೆ, ಅದೇ ಮುದ್ರೆಯಿಂದ ಒತ್ತಿದ ಉಳಿದವುಗಳಲ್ಲಿ ಏನಿದೆಯೆಂಬುದು ತಿಳಿದಂತೆಯೇ. ಪ್ಯಾಕೇಜಿಗೂ ಇಂತಹ ಮುದ್ರೆಯಿದೆ. ಪ್ರತಿಯೊಂದು ಪೊಟ್ಟಣದಿಂದ ಗಣಿತದ ಕ್ರಮವೊಂದರಿಂದ ೨೫೬ ಬಿಟ್ಟುಗಳ ಸಾರಾಂಶವನ್ನು ತೆಗೆಯುತ್ತಾರೆ. ಪೊಟ್ಟಣದಲ್ಲಿ ಒಂದು ಅಕ್ಷರ ಬದಲಾದರೂ ಸಾರಾಂಶವು ಗುರುತೇ ಸಿಕ್ಕದಂತೆ ಬದಲಾಗುತ್ತದೆ. ಸಾರಾಂಶಗಳ ಪಟ್ಟಿಗೂ ಒಂದು ಸಾರಾಂಶ. ಅದಕ್ಕೆ ವಿತರಕರ ಗುಪ್ತಕೀಲಿಯಿಂದ ರುಜು. ನಮ್ಮ ಯಂತ್ರದಲ್ಲಿರುವ ಬಹಿರಂಗ ಕೀಲಿಯು ಆ ರುಜುವನ್ನು ಪರಿಶೀಲಿಸದ ಹೊರತು ಆಪ್ಟ್ ಪೊಟ್ಟಣವನ್ನು ಒಳಕ್ಕೆ ಬಿಡುವುದಿಲ್ಲ. ಅಂತರಜಾಲದಲ್ಲಿ ಎಲ್ಲೋ ಸಿಕ್ಕಿದ ಮೂಲದ ಗಂಟನ್ನು ತಂದು ಕಟ್ಟುವ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಅದರ ರುಜುವನ್ನು ನೋಡುತ್ತಾರೆ? ನನ್ನ ಕಣ್ಣಿಗೆ ಬಿದ್ದವರು ತೀರ ವಿರಳ. ನಾನೂ ೨೦೧೮ರಲ್ಲಿ ನೋಡಿರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ನನ್ನ ಪಕ್ಷವು ಪ್ಯಾಕೇಜಿನದೆಂದು ವಾಚಕರು ತಿಳಿಯಬಹುದು. ದಿನಬಳಕೆಯ ಮಟ್ಟಿಗೆ ಹೌದು. ೨೦೧೪ರ ಏಪ್ರಿಲಿನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷವು ಓಪನ್ ಎಸ್ಎಸ್ಎಲ್ಲಿನಲ್ಲಿ ಬಯಲಾದಾಗ, ಪ್ಯಾಕೇಜನ್ನು ಬಳಸುತ್ತಿದ್ದವರು ಒಂದು ಆಜ್ಞೆಯಿಂದ ತಿದ್ದಿದ ಆವೃತ್ತಿಯನ್ನು ಪಡೆದರು. ತಾವೇ ಕಟ್ಟಿಕೊಂಡಿದ್ದವರಿಗೆ ಯಾರೂ ಬಂದು ಹೇಳುವವರಿಲ್ಲ. ಯಾವ ಕಾಲದಲ್ಲಿ ಏನನ್ನು ಕಟ್ಟಿದೆವೆಂಬುದನ್ನು ತಾವೇ ನೆನಪಿಡಬೇಕು. ಆದರೆ ಮೂಲದಿಂದ ಕಟ್ಟುವ ವಿದ್ಯೆಯನ್ನು ಬಿಟ್ಟುಬಿಡಿ ಎಂದು ಹೇಳುವವರ ಜೊತೆಯಲ್ಲಿ ನಾನು ಸೇರಲಾರೆ. ಅದಕ್ಕೆ ಕಾರಣ ಕನ್ನಡವೇ.

ಕನ್ನಡ ಲಿಪಿಯು ಯೂನಿಕೋಡಿನಲ್ಲಿ ೧೯೯೧ರ ಮೊದಲ ಆವೃತ್ತಿಯಿಂದಲೂ ಇದೆ. ಸಂಕೇತವಿದ್ದ ಮಾತ್ರಕ್ಕೆ ಅಕ್ಷರ ಮೂಡುವುದಿಲ್ಲವಷ್ಟೆ. ಒತ್ತು, ಗುಣಿತ, ಅರ್ಕಾವತ್ತುಗಳನ್ನು ಸರಿಯಾದ ಸ್ಥಾನದಲ್ಲಿ ಕೂರಿಸುವ ಅಕ್ಷರಶೈಲಿಗಳು ಬೇಕು. ಗುಬ್ಬಿ, ನವಿಲು ಎಂಬ ಮುಕ್ತ ಅಕ್ಷರಶೈಲಿಗಳನ್ನು ಕನ್ನಡಿಗರೇ ರಚಿಸಿದರು. ಅವು ಡೆಬಿಯನ್ನಿನ ಭಂಡಾರದಲ್ಲಿ ಪ್ಯಾಕೇಜುಗಳಾಗಿ ದೊರೆಯುತ್ತವೆ. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಕುಳಿತ ಕನ್ನಡಿಗನೂ ಒಂದು ಆಜ್ಞೆಯಿಂದ ಅವನ್ನು ತರಿಸಿಕೊಳ್ಳಬಹುದು. ಅಕ್ಷರಶೈಲಿಗೂ ಮೂಲಸಂಕೇತವುಂಟೆಂಬುದು ಬಹಳ ಜನಕ್ಕೆ ತಿಳಿಯದು. ಪ್ರತಿಯೊಂದು ಅಕ್ಷರದ ರೇಖೆಗಳೂ, ಯಾವ ಅಕ್ಷರದ ಮುಂದೆ ಯಾವುದು ಬಂದರೆ ಯಾವ ಒತ್ತು ಮೂಡಬೇಕೆಂಬ ನಿಯಮಗಳೂ ಅದರಲ್ಲಿರುತ್ತವೆ. ಅವನ್ನು ಸಂಸ್ಕರಿಸಿ ಬಳಕೆಯ ಕಡತವನ್ನು ಕಟ್ಟುತ್ತಾರೆ. ಯಾವುದೋ ಒಂದು ಒತ್ತಕ್ಷರ ಓರೆಯಾಗಿ ಮೂಡುತ್ತಿದೆ, ಹಳಗನ್ನಡದ ರಳ ಮೂಡುವುದೇ ಇಲ್ಲ ಎನ್ನೋಣ. ಡೆನ್ಮಾರ್ಕಿನವನಾಗಲಿ ಬ್ರೆಜಿಲಿನವನಾಗಲಿ ಅದನ್ನು ಗಮನಿಸಲಾರ. ಮೂಲವನ್ನು ತೆರೆದು, ತಿದ್ದಿ, ಮರಳಿ ಕಟ್ಟಬಲ್ಲ ಕನ್ನಡಿಗನೊಬ್ಬನಿದ್ದರೆ ಮಾತ್ರ ಅದು ಸರಿಯಾದೀತು. ಅವನು ತಿದ್ದಿದ್ದು ಪಾಲಕನ ಕೈಸೇರಿ, ಪ್ಯಾಕೇಜಾಗಿ, ನಮ್ಮೆಲ್ಲರ ಯಂತ್ರಗಳಿಗೂ ಬಂದೀತು. ಮೂಲವೇ ಇಲ್ಲದ ಅಕ್ಷರಶೈಲಿಯಲ್ಲಿ ಓರೆಯಾದ ಒತ್ತು ಎಂದೆಂದಿಗೂ ಓರೆಯೇ.

ಆದುದರಿಂದ ಇಂದಿನ ವಿದ್ಯಾರ್ಥಿಗೆ ನನ್ನ ಸಲಹೆ ಇಷ್ಟು. ಬಳಸುವುದಕ್ಕೆ ಪ್ಯಾಕೇಜನ್ನೇ ತರಿಸಿಕೊಳ್ಳಲಿ. ಆದರೆ ಓದು ಮುಗಿಯುವುದರೊಳಗೆ ಒಂದಾದರೂ ತಂತ್ರಾಂಶವನ್ನು ಮೂಲದಿಂದ ಕಟ್ಟಲಿ. ಕಾನ್ಫಿಗರ್ ಸುರಿಯುವ ಸಾಲುಗಳನ್ನು, ನಾನು ಬಿಟ್ಟಂತೆ ಬಿಡದೆ, ಒಂದೊಂದಾಗಿ ಓದಲಿ. ಅದಕ್ಕೆ ವ್ಯವಸ್ಥೆಯ ಕೋಶಗಳನ್ನು ಕೆಡಿಸಬೇಕಾದುದಿಲ್ಲ; ಕಟ್ಟಿದ್ದನ್ನು ತನ್ನ ಮನೆಕೋಶದಲ್ಲಿಯೇ ಇಡುವಂತೆ ಕಾನ್ಫಿಗರಿಗೆ ಹೇಳಬಹುದು. ಇದಕ್ಕಿಂತಲೂ ಮೇಲಾದ ದಾರಿಯೊಂದಿದೆ. ಬಳಸುತ್ತಿರುವ ಪ್ಯಾಕೇಜಿನ ಮೂಲವನ್ನೇ ಆಪ್ಟ್ ಮೂಲಕ ತರಿಸಿ, ಒಂದು ಸಾಲನ್ನು ತಿದ್ದಿ, ಪ್ಯಾಕೇಜಾಗಿಯೇ ಮರಳಿ ಕಟ್ಟುವುದು. ಆಗ ದಫ್ತರವೂ ಕೆಡುವುದಿಲ್ಲ, ಮೂಲವನ್ನೂ ಮುಟ್ಟಿದಂತಾಗುತ್ತದೆ. ನಮ್ಮ ಎಷ್ಟೋ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಯಂತ್ರಗಳನ್ನು ಸಿದ್ಧಪಡಿಸಿ ಬೀಗ ಹಾಕಿದಂತೆ ಇಟ್ಟಿರುತ್ತಾರೆ. ವಿದ್ಯಾರ್ಥಿಗಳು ಪ್ಯಾಕೇಜನ್ನೂ ಮುಟ್ಟುವಂತಿಲ್ಲ, ಮೂಲವನ್ನೂ ಮುಟ್ಟುವಂತಿಲ್ಲ. ಕೆಡಿಸಿಬಿಡುವರೆಂಬ ಭಯ ಅಧ್ಯಾಪಕರಿಗೆ. ಕೆಡಿಸಲಿ, ಕೆಟ್ಟದ್ದನ್ನು ಮರಳಿ ನಿಲ್ಲಿಸುವುದನ್ನೂ ಅವರೇ ಕಲಿಯಲಿ. ಅದಕ್ಕೆಂದೇ ಒಂದೆರಡು ಹಳೆಯ ಯಂತ್ರಗಳನ್ನು ಮೂಲೆಯಲ್ಲಿಟ್ಟುಕೊಟ್ಟರೆ ಕಾಲೇಜಿಗೆ ಆಗುವ ನಷ್ಟವೇನು?

ವಾಚನಾಲಯದ ಯಂತ್ರದ ಕಥೆ ಏನಾಯಿತೆಂದು ಕೇಳುವಿರಾದರೆ: ೨೦೧೯ರ ಜುಲೈ ತಿಂಗಳಲ್ಲಿ ಡೆಬಿಯನ್ನಿನ ಹತ್ತನೆಯ ಆವೃತ್ತಿ ಬಂದಿತು. ಟೆಸರಾಕ್ಟಿನ ನಾಲ್ಕನೆಯ ಆವೃತ್ತಿಯೂ ಅದರ ಕನ್ನಡದ ದತ್ತಾಂಶವೂ ಅದರಲ್ಲಿ ಪ್ಯಾಕೇಜುಗಳಾಗಿಯೇ ಇದ್ದವು. ತರಿಸಿ ನೆಲೆಗೊಳಿಸಿದೆ. ಆದರೂ ಛಾಯಾಚಿತ್ರ ತೆರೆಯಲಿಲ್ಲ. ಹುಡುಕಿ ನೋಡಲು, ನಾನು ಹಿಂದೆ ತೆಗೆದುಹಾಕಿದೆನೆಂದು ನಂಬಿದ್ದ ಕುರುಡು ಲೈಬ್ರರಿಯ ಪ್ರತಿಯೊಂದು ಇನ್ನೂ ಅಲ್ಲಿಯೇ ಕುಳಿತಿತ್ತು. ಅದನ್ನು ಅಳಿಸಿದ ಸಂಜೆಯಿಂದ ಒಂಬತ್ತನೆಯ ಸಂಪುಟದ ಪುಟಗಳು ಒಂದೊಂದಾ‌ಗಿ ಓದಿಸಿಕೊಳ್ಳತೊಡಗಿದವು. ಒತ್ತಕ್ಷರಗಳನ್ನು ಮಾತ್ರ ಯಂತ್ರವು ಆಗಾಗ ತಪ್ಪಾಗಿ ಓದುತ್ತಿತ್ತು. ಅವನ್ನು ತಿದ್ದುವ ಕೆಲಸಕ್ಕೆ ಶನಿವಾರದ ಮಧ್ಯಾಹ್ನಗಳಲ್ಲಿ ಹೈಸ್ಕೂಲಿನ ನಾಲ್ವರು ಹುಡುಗಿಯರು ಬರುತ್ತಿದ್ದರು.